ಕೊಕ್ಕೆ ಚುಚ್ಚಿಸಿಕೊಂಡವರ ಟೀ

ಬಚ್ಚಲಿನ ಚಿಲಕ ಹಾಕಿ, ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು, ಮೆಲ್ಲಿ ತನಗೆ ತಾನೇ ಒಂದು ಮಾತು ಒಪ್ಪಿಕೊಂಡಳು. ತನಗೆ ಭಯವಾಗಿದೆ. ಆದರೆ ಆ ಭಯವನ್ನು ಅತ್ತಿಗೆಯ ಜೊತೆ ಪಾಲು ಮಾಡಿಕೊಳ್ಳುವುದು ತನಗೆ ಸುತರಾಂ ಇಷ್ಟವಿಲ್ಲ.

ಎಡಗೈಯ ತೋರುಬೆರಳ ತುದಿಯಲ್ಲಿ ಸಾಸಿವೆಕಾಳಿನಷ್ಟು ಕೆಂಪು ಚುಕ್ಕೆ. ಸೋಪು ಹಚ್ಚಿ ತೊಳೆದಳು. ಬೆಳಕಿಗೆ ಹಿಡಿದು ನೋಡಿ ಮತ್ತೆ ತೊಳೆದಳು. ಹೊರಗಿನಿಂದ ಅಮ್ಮ ಬಾಗಿಲು ಬಡಿದಳು.

"ಯಾರದು ಒಳಗೆ? ಸೊಸೆಗೆ ನೀರು ಕಾದಿದೆ. ಪಾಪ, ಆ ಹುಡುಗಿ ಗಡಗಡ ನಡುಗ್ತಾ ನಿಂತಿದ್ದಾಳೆ, ನೀನು ಒಳಗೆ ಸಂಗೀತ ಕಚೇರಿ ಮಾಡ್ತಿದ್ದೀಯಾ?"

"ಬಂದೆ," ಅಂದಳು ಮೆಲ್ಲಿ. ತನಗೇ ಕೇಳಿಸದಷ್ಟು ಮೆಲ್ಲಗೆ. ಮಗುವಾಗಿದ್ದಾಗಲೇ ಅಳುವುದಕ್ಕೂ ಸದ್ದು ಮಾಡುತ್ತಿರಲಿಲ್ಲವೆಂದು ಅಜ್ಜಿ ಇಟ್ಟ ಹೆಸರು ಅದು. ಪದವಿ ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕುತ್ತ ಮನೆಯಲ್ಲಿ ಕೂತ ಮೇಲೂ ಆ ಹೆಸರು ಬಿಟ್ಟಿರಲಿಲ್ಲ.

ಅವಳು ಬಾಗಿಲು ತೆರೆದಾಗ ಅತ್ತಿಗೆ ಟವೆಲ್ ಹೊದ್ದು, ಎರಡೂ ಕೈಗಳನ್ನು ಮೈಗೆ ತಾಗದಂತೆ ಮುಂದಕ್ಕೆ ಚಾಚಿಕೊಂಡು ನಿಂತಿದ್ದಳು. ಅವಳ ಹಿಂದೆ ಅಮ್ಮ, ಅಮ್ಮನ ಹಿಂದೆ ಅಣ್ಣ, ಅಣ್ಣನ ಹಿಂದೆ ಕೋಲೂರಿಕೊಂಡು ಅಜ್ಜಿ. ಒಬ್ಬಳನ್ನು ಸ್ನಾನಕ್ಕೆ ಕಳಿಸಲು ಇಡೀ ಮನೆ ಮೆರವಣಿಗೆ ಹೊರಟಿತ್ತು. ಮೆಲ್ಲಿ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು.

ಆ ಮನೆಯ ಅನ್ನ ಬರುತ್ತಿದ್ದದ್ದು ಒಂದು ಹಳೆಯ ಬಿಳಿ ಟ್ಯಾಕ್ಸಿಯಿಂದ. ಅಪ್ಪ ಅದರ ಮಾಲೀಕನೂ ಹೌದು, ಚಾಲಕನೂ ಹೌದು. ಅಣ್ಣ ಟೈರ್ ಅಂಗಡಿಯಲ್ಲಿ ದುಡಿಯುತ್ತಿದ್ದ. ಅವನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಪ್ರತಿ ಭಾನುವಾರ ಟ್ಯಾಕ್ಸಿಯ ಸೀಟಿನ ಬಟ್ಟೆ ಬಿಚ್ಚಿ ಒಗೆಯಬೇಕು ಎನ್ನುವುದು ಅಪ್ಪನ ಹಟ. "ಕೂತವರಿಗೆ ಹಿಂದೆ ಕೂತಿದ್ದವರ ಬೆವರಿನ ವಾಸನೆ ಬರಬಾರದು" ಎನ್ನುತ್ತಿದ್ದ. ಬಟ್ಟೆಯನ್ನು ಸೀಟಿನ ಅಡಿಗೆ ಬಿಗಿಯುವ ಪ್ಲಾಸ್ಟಿಕ್ ಹಿಡಿಕೆಗಳು ಎಂದೋ ಮುರಿದುಹೋಗಿದ್ದವು. ಹೊಸದಕ್ಕೆ ದುಡ್ಡು ಸುರಿಯುವ ಬದಲು ಅಪ್ಪ ಇಕ್ಕುಳ ಹಿಡಿದು, ತಂತಿ ಬಗ್ಗಿಸಿ ತಾನೇ ಕೊಕ್ಕೆ ಮಾಡಿದ್ದ. ಅವನ್ನು ಕಣ್ಣಿನಿಂದ ನೋಡಿ ಬಿಡಿಸುವಂತಿರಲಿಲ್ಲ. ಮಂಡಿಯೂರಿ, ಸೀಟಿನ ಕೆಳಗೆ ಕೈ ತೂರಿಸಿ, ಬೆರಳಿನಿಂದಲೇ ತಡವಿ ಹುಡುಕಬೇಕು. ತಂತಿಯ ತುದಿಯೋ ಸೂಜಿ.

ಹಾಗಾಗಿ ಮನೆಯಲ್ಲಿ ಒಂದು ಕಾನೂನು ಹುಟ್ಟಿತ್ತು: ಕೊಕ್ಕೆ ಚುಚ್ಚಿಸಿಕೊಂಡವರು ಆ ಭಾನುವಾರ ಎಲ್ಲರಿಗೂ ಟೀ ಮಾಡಿಕೊಡಬೇಕು. ಅಣ್ಣ ವಾರ ಬಿಟ್ಟು ವಾರ ಮಾಡುತ್ತಿದ್ದ. ಅವನು ಮಾಡಿದ ಟೀಯನ್ನು ಅಜ್ಜಿ ಯಾರೂ ನೋಡದಾಗ ಗಿಡದ ಬುಡಕ್ಕೆ ಸುರಿದು, ಗಿಡ ಒಣಗಿದಾಗ ಸಿಕ್ಕಿಬಿದ್ದಿದ್ದಳು. ಅಪ್ಪನೂ ಮಾಡುತ್ತಿದ್ದ. ಮಾಡದಿದ್ದವಳು ಮೆಲ್ಲಿ ಒಬ್ಬಳೇ. ಅವಳ ಬೆರಳಿಗೆ ಕಣ್ಣಿದೆ ಎನ್ನುತ್ತಿದ್ದ ಅಪ್ಪ. ಸ್ಟ್ಯಾಂಡಿನ ಇತರ ಚಾಲಕರ ಹತ್ತಿರವೂ ಕೊಚ್ಚಿಕೊಂಡಿದ್ದ. ಆ ಮನೆಯಲ್ಲಿ ಮೆಲ್ಲಿಗೆ ತನ್ನದು ಅಂತ ಇದ್ದ ಹೆಮ್ಮೆ ಅದೊಂದೇ. ಮಾತು ಬೇಕಿಲ್ಲದ, ಕೈಯಲ್ಲೇ ಮುಗಿಯುವ ಹೆಮ್ಮೆ.

ಅತ್ತಿಗೆ ಬಂದ ಮೇಲೆ ಅದಕ್ಕೂ ಪಾಲು ಬಂತು. ಅತ್ತಿಗೆ ಬಾಯಿಬಡುಕಿ, ನಗುಮುಖದವಳು, ಯಾರ ಜೊತೆಗಾದರೂ ಕೂತಲ್ಲೇ ಸಲುಗೆ ಬೆಳೆಸುವವಳು. "ಮಾವ, ನಂಗೂ ಕಲಿಸಿ ಮಾವ" ಎಂದು ಮಂಡಿಯೂರಿದ್ದಳು. ಮೊದಮೊದಲು ಚುಚ್ಚಿಸಿಕೊಂಡು ಟೀ ಮಾಡಿದಳು, ಅದೂ ರುಚಿಯಾಗಿಯೇ ಮಾಡಿದಳು. ಆಮೇಲೆ ಚುಚ್ಚಿಸಿಕೊಳ್ಳುವುದನ್ನೂ ಬಿಟ್ಟಳು.

ಆ ಭಾನುವಾರ ಬೆಳಿಗ್ಗೆ ಬಾಡಿಗೆಗೆ ಹೋಗಿದ್ದ ಅಪ್ಪ ಮಧ್ಯಾಹ್ನ ಅಂಗಿಯ ತೋಳೆಲ್ಲ ರಕ್ತ ಮಾಡಿಕೊಂಡು ಬಂದ. ಅಮ್ಮ ಎದೆ ಹಿಡಿದುಕೊಂಡಳು.

"ನಂದಲ್ಲ, ನಂದಲ್ಲ," ಅಂದ ಅಪ್ಪ. "ಸೇತುವೆ ಹತ್ತಿರ ಯಾರೋ ಬೈಕಿನವನು ಬಿದ್ದಿದ್ದ. ಎಲ್ಲರೂ ನಿಂತು ಫೋಟೋ ಹೊಡೀತಿದ್ರೇ ಹೊರತು ಒಬ್ಬನೂ ಕೈ ಹಾಕ್ಲಿಲ್ಲ. ಹಿಂದಿನ ಸೀಟಿಗೆ ಹಾಕ್ಕೊಂಡು ದೊಡ್ಡಾಸ್ಪತ್ರೆಗೆ ಬಿಟ್ಟು ಬಂದೆ."

"ಬದುಕಿದ್ನಾ?"

"ಉಸಿರಿತ್ತು. ಯಾರೋ ಏನೋ. ನಾನು ಸೀಟಿಗೆ ಕವರ್ ಇಲ್ಲದೆ ನಾಳೆ ಗಾಡಿ ತೆಗೆಯೋ ಹಾಗಿಲ್ಲ. ಒಣಗೋ ಮುಂಚೆ ಒಗೀರಿ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಕೊಳ್ಳಿ, ಹುಷಾರು."

ಅಮ್ಮ ಚೀಲಗಳನ್ನು ತಂದು ಇಬ್ಬರ ಕೈಗೂ ಕಟ್ಟಿದಳು. ಎಡಗಡೆಯ ಕೊಕ್ಕೆಗಳಿಗೆ ಅತ್ತಿಗೆ ಕೂತಳು, ಬಲಗಡೆಗೆ ಮೆಲ್ಲಿ. ರಕ್ತ ಇಳಿದಿದ್ದು ಬಲಗಡೆಗೆ. ಚೀಲದ ಮೇಲಿನಿಂದ ಮೆಲ್ಲಿಯ ಬೆರಳಿಗೆ ಕೊಕ್ಕೆ ಯಾವುದು, ಸೀಟಿನ ಸ್ಪ್ರಿಂಗ್ ಯಾವುದು ತಿಳಿಯಲಿಲ್ಲ. ಆ ಕಡೆ ಟಿಕ್, ಟಿಕ್ ಎಂದು ಕೊಕ್ಕೆ ಬಿಚ್ಚಿಕೊಳ್ಳುವ ಸದ್ದು.

"ಸೊಸೆ ಕೈ ನೋಡೇ, ಹೇಗೆ ಓಡ್ತಿದೆ!" ಅಂದ ಅಪ್ಪ. "ಮೆಲ್ಲಿ, ನಿನ್ನ ಪಟ್ಟ ಹೋಯ್ತು ಅನ್ಕೋ ಇವತ್ತಿಗೆ."

ಅಪ್ಪ ಹೇಳಿದ್ದು ತಮಾಷೆಗೆ, ಆ ಹೆಣದಂಥ ಮಧ್ಯಾಹ್ನವನ್ನು ಸ್ವಲ್ಪ ಹಗುರ ಮಾಡಲಿಕ್ಕೆ. ಮೆಲ್ಲಿಗೆ ಅದು ಎಲ್ಲಿ ತಾಗಬಾರದಿತ್ತೋ ಅಲ್ಲೇ ತಾಗಿತು. ಹಲ್ಲಿನಿಂದ ಗಂಟು ಎಳೆದು ಚೀಲವನ್ನು ಕಿತ್ತೆಸೆದು, ಬರಿಗೈ ತೂರಿಸಿದಳು. ಬೆರಳಿಗೆ ಕಣ್ಣು ಬಂತು. ಒಂದಾದ ಮೇಲೊಂದು ಬಿಡಿಸುತ್ತ ಹೋದಳು. ಕೊನೆಯ ಕೊಕ್ಕೆಗೆ ಬಂದಾಗ ಆ ಕಡೆ ಅತ್ತಿಗೆ "ನಂದಾಯ್ತು!" ಅಂದಳು. ಮೆಲ್ಲಿ ಗಬಕ್ಕನೆ ಎಳೆದಳು. ಕೊಕ್ಕೆ ಬಿಚ್ಚಿಕೊಂಡಿತು, ಅಂಟಂಟಾಗಿದ್ದ ತಂತಿ ಜಾರಿ ಬೆರಳಿಗೂ ಇಳಿಯಿತು.

ಆ ಮನೆಯಲ್ಲಿ ಕೊಕ್ಕೆ ಚುಚ್ಚಿದರೆ ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ಯೋಚನೆ ಬರುವ ಮುಂಚೆ ಬೆರಳು ಬಾಯಿಗೆ ಹೋಗಿತ್ತು. ನಾಲಿಗೆಗೆ ಉಪ್ಪುಪ್ಪಾಗಿ ತಾಗಿತು. ಅದು ತನ್ನ ಉಪ್ಪೋ, ಸೇತುವೆಯ ಹತ್ತಿರ ಬಿದ್ದಿದ್ದವನದೋ?

ಉಗುಳಿ, ಬೆರಳನ್ನು ಅಂಗಿಗೆ ಒರೆಸಿಕೊಂಡು ತಲೆಯೆತ್ತುವಷ್ಟರಲ್ಲಿ ಅತ್ತಿಗೆ ಕಿರುಚಿದಳು. ಅವಳು ಆಗಲೇ ಕವರನ್ನು ಎಳೆದುಕೊಂಡು ಹೋಗಿ ಟಬ್ಬಿಗೆ ಹಾಕಿ ನೀರು ಬಿಟ್ಟಿದ್ದಳು. ನೀರೆಲ್ಲ ಕೆಂಪಾಗಿ, ಹರಿದ ಚೀಲದೊಳಗೆ ನುಗ್ಗಿ ಮೊಣಕೈವರೆಗೆ ಬಂದಿತ್ತು.

"ಅಯ್ಯೋ, ಯಾರ ರಕ್ತವೋ ಏನೋ! ಅವನಿಗೆ ಏನು ಕಾಯಿಲೆ ಇತ್ತೋ ಏನೋ! ಅತ್ತೇ!"

ಪಕ್ಕದ ಮನೆಯ ಕಿಟಕಿ ತೆರೆಯಿತು. ಅಮ್ಮ ಓಡಿದಳು, ಅಣ್ಣ ಓಡಿದ, ಅಪ್ಪ ಓಡಿದ. ಮೆಲ್ಲಿ ಕೊನೆಯ ಕೊಕ್ಕೆಯನ್ನು ಡಬ್ಬಿಗೆ ಹಾಕಿ ಎದ್ದು ನಿಂತಳು. ಆ ದಿನ ಟೀ ಯಾರು ಮಾಡಬೇಕೆಂದು ಯಾರೂ ಕೇಳಲಿಲ್ಲ.

ಮರುದಿನ ಅಣ್ಣ ಅಂಗಡಿಗೆ ರಜೆ ಹಾಕಿ ಅತ್ತಿಗೆಯನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ರಾತ್ರಿ ಊಟಕ್ಕೆ ಕೂತಾಗ ವರದಿ ಒಪ್ಪಿಸಿದ.

"ಡಾಕ್ಟರಮ್ಮ ಎರಡೂ ಕೈ ತಿರುಗಿಸಿ ತಿರುಗಿಸಿ ನೋಡಿದ್ರು. ಗಾಯ ಇಲ್ಲ, ಗೀರಿಲ್ಲ. ಚರ್ಮ ಸರಿಯಿದ್ರೆ ರಕ್ತ ಸೋಕಿದ ಮಾತ್ರಕ್ಕೆ ಏನೂ ಆಗಲ್ಲ ಅಂದ್ರು. ಇವಳು ಅತ್ತಿದ್ದು ನೋಡಿ, ಧೈರ್ಯಕ್ಕೆ ಇರ್ಲಿ ಅಂತ ಇವತ್ತೊಂದು ಪರೀಕ್ಷೆ, ಆರು ವಾರ ಬಿಟ್ಟು ಇನ್ನೊಂದು. ಕಾಮಾಲೆಗೆ ಒಂದು ಲಸಿಕೆ ಹಾಕಿದ್ರು."

"ಒಟ್ಟಿಗೆ ಊಟ ಮಾಡಬಹುದಾ ಅಂತ ಕೇಳಿದ್ಯಾ?" ಅಂದಳು ಅಮ್ಮ.

"ನಾನೇ ಕೇಳಿದೆ ಅತ್ತೆ," ಅಂದಳು ಅತ್ತಿಗೆ. "ತಟ್ಟೆ ಲೋಟದಿಂದ, ಮುಟ್ಟೋದ್ರಿಂದ ಏನೂ ಬರಲ್ಲಂತೆ. ನಕ್ಕುಬಿಟ್ರು."

"ಇನ್ನೊಂದು ಹೇಳಿದ್ರು," ಅಂದ ಅಣ್ಣ, ಅನ್ನ ಕಲೆಸುತ್ತ. "ಯಾರಿಗಾದ್ರೂ ಚೂಪಾದ್ದೇನಾದ್ರೂ ಚುಚ್ಚಿದ್ರೆ ಆ ಮಾತೇ ಬೇರೆಯಂತೆ. ಮೂರು ದಿನದ ಒಳಗೆ ಮಾತ್ರೆ ಶುರು ಮಾಡ್ಬೇಕಂತೆ, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ಮನೇಲಿ ಬೇರೆ ಯಾರಿಗಾದ್ರೂ ಚುಚ್ಚಿತ್ತಾ ಅಂದ್ರು."

ಎಲ್ಲರೂ ಮೆಲ್ಲಿಯ ಕಡೆ ತಿರುಗಿದರು. ಅವಳ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಬಾಯಿ ತೆರೆಯಬೇಕು ಎಂದುಕೊಂಡಳು.

"ಯಾರಿಗೆ, ನಮ್ಮ ಮೆಲ್ಲಿಗೆ ಕೊಕ್ಕೆ ಚುಚ್ಚುತ್ತಾ?" ಅಪ್ಪ ನಕ್ಕ. "ಕೊಕ್ಕೆಗೇ ಇವಳ ಬೆರಳು ಚುಚ್ಚಬೇಕು. ಸ್ಟ್ಯಾಂಡಿನಲ್ಲಿ ಯಾರನ್ನ ಬೇಕಾದ್ರೂ ಕೇಳು."

ಆ ಹೊಗಳಿಕೆ ಬಂದು ಎಷ್ಟು ತಿಂಗಳಾಗಿತ್ತೋ! ಅದನ್ನು ಕೈಯಾರೆ ವಾಪಸು ಕೊಡಬೇಕಿತ್ತು, ಅದೂ ಅತ್ತಿಗೆಯ ಎದುರಿಗೆ. ಮೆಲ್ಲಿ ತಲೆಯಾಡಿಸಿದಳು, ಇಲ್ಲ ಎಂದು. ತುತ್ತು ನುಂಗಿದಳು.

"ಹಾಗಿದ್ರೆ ಸರಿ," ಅಂದಳು ಅಜ್ಜಿ. "ರಕ್ತ ಅವನದು, ಕಿರುಚಾಟ ಇವಳದು, ಪಾತ್ರೆ ಇನ್ನು ಮೇಲೆ ಮೆಲ್ಲಿದು."

ಅಜ್ಜಿಯ ಬಾಯಿ ಸುಳ್ಳಾಗಲಿಲ್ಲ. ಅತ್ತಿಗೆಯ ಪಾಲಿನ ಪಾತ್ರೆ, ಅತ್ತಿಗೆಯ ಪಾಲಿನ ಕಸ, ಅತ್ತಿಗೆಯ ಪಾಲಿನ ಬಟ್ಟೆ ಎಲ್ಲ ಮೆಲ್ಲಿಯ ಮೇಲೆ ಬಿತ್ತು. ಮಾರನೆಯ ಬೆಳಿಗ್ಗೆ ಕೆಲಸ ಮುಗಿಸಿ, ಅರ್ಜಿ ಹಾಕಿ ಬರುತ್ತೇನೆಂದು ಹೇಳಿ ಅವಳು ಕ್ಲಿನಿಕ್ಕಿಗೆ ಹೋದಳು. ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತಿದ್ದ ಹೆಂಗಸು ತಲೆಯೆತ್ತದೆ ಕೇಳಿದಳು: "ಏನಮ್ಮ ತೊಂದರೆ?"

ಹಿಂದೆ ಬೆಂಚಿನ ತುಂಬ ಜನ. ಅವರ ನಡುವೆ, ಪಕ್ಕದ ಮನೆಯ ಕಿಟಕಿಯಾಕೆ.

"ಅದು... ಡಾಕ್ಟರ ಹತ್ರ ಹೇಳ್ತೀನಿ."

"ಇಲ್ಲಿ ಹೇಳದೆ ಒಳಗೆ ಬಿಡಲ್ಲಮ್ಮ. ಜೋರಾಗಿ ಹೇಳು, ಕೇಳಿಸ್ಲಿಲ್ಲ. ಜ್ವರಾನಾ? ಹೊಟ್ಟೇನಾ?"

ಕಿಟಕಿಯಾಕೆ ಮುಂದಕ್ಕೆ ಬಾಗಿದಳು.

"ತಲೆನೋವು," ಅಂದಳು.

ತಲೆನೋವಿನ ಮಾತ್ರೆಯನ್ನೇ ಹಿಡಿದುಕೊಂಡು ಮನೆಗೆ ಬಂದಳು. ಬರುವ ದಾರಿಯಲ್ಲಿ ನಿಜವಾಗಿಯೂ ತಲೆ ನೋಯುತ್ತಿತ್ತು. ಮನೆಯಲ್ಲಿ ಅಮ್ಮ ಬಿಸಿಲು ಬೀಳುವ ಮೆಟ್ಟಿಲ ಮೇಲೆ ಅತ್ತಿಗೆಯನ್ನು ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಪಕ್ಕದಲ್ಲಿ ದಾಳಿಂಬೆ ರಸದ ಲೋಟ. ಮೆಲ್ಲಿಯ ತಲೆಯನ್ನು ಅಮ್ಮ ಕೊನೆಯ ಸಲ ಬಾಚಿದ್ದು ಯಾವಾಗ ಎಂದು ಅವಳು ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಅಲ್ಲೇ ಮೆಟ್ಟಿಲ ಕೆಳಗೆ ಉದುರಿಹೋಯಿತು. ಅದರ ಬದಲು ಇನ್ನೊಂದು ಮಾತು ಒಳಗೆ ಎದ್ದಿತು, ಯಾರಿಗೂ ಹೇಳಲಾಗದಷ್ಟು ಕೆಟ್ಟದ್ದು: ಇವರು ಗಾಯವಿಲ್ಲದವಳನ್ನು ಹೊತ್ತು ಮೆರೆಸುತ್ತಿದ್ದಾರೆ, ನಿಜವಾದದ್ದು ಇರುವುದು ನನ್ನ ಹತ್ತಿರ. ಗೊತ್ತಾದ ದಿನ ಅಳಲಿ.

ಮೂರು ದಿನ ಹಾಗೆ ಕಳೆಯಿತು. ಆಮೇಲೆ ಹೇಳಿಯೂ ಏನು ಪ್ರಯೋಜನ ಎಂಬ ಇನ್ನೊಂದು ಕಾರಣ ಸಿಕ್ಕಿತು.

ವಾರಗಳು ಹೋದವು. ಮನೆ ತನ್ನ ಪಾಡಿಗೆ ನಡೆಯುತ್ತಿತ್ತು. ಅಪ್ಪ ಆಸ್ಪತ್ರೆಗೆ ಹೋಗಿ ವಿಚಾರಿಸಿದಾಗ, ಬೈಕಿನವನನ್ನು ಅವನ ಕಡೆಯವರು ಬೇರೆ ಕಡೆಗೆ ಕರೆದುಕೊಂಡು ಹೋದರೆಂದು ಮಾತ್ರ ತಿಳಿಯಿತು. ಅವನ ಆರೋಗ್ಯದ ವಿಷಯ ಕೇಳಿದರೆ, "ನೀವು ಯಾರು ಅವರಿಗೆ?" ಎಂದರಂತೆ. "ಸೀಟು ಕೊಟ್ಟವನು ಅಂತ ಹೇಳಿ ಬಂದೆ" ಎಂದು ಅಪ್ಪ ಪೆಚ್ಚಾಗಿ ನಕ್ಕ. ತನ್ನಿಂದಲೇ ಸೊಸೆಗೆ ಈ ಗತಿ ಬಂತೆಂಬ ಸಂಕಟ ಅವನಿಗೆ. ಸಂಜೆ ಬರುವಾಗ ಸೇಬು ತರುತ್ತಿದ್ದ. ಅದೂ ಸಾಲದೆಂದು, ಬಾಡಿಗೆ ಇಲ್ಲದ ಹೊತ್ತಿನಲ್ಲಿ ಅವಳನ್ನು ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ ಟ್ಯಾಕ್ಸಿ ಓಡಿಸಲು ಕಲಿಸತೊಡಗಿದ.

ಮೆಲ್ಲಿ ಅಂಗಳದ ಗೇಟು ತೆರೆದು ನಿಂತು, ಚಾಲಕನ ಜಾಗದಲ್ಲಿ ಕೂತು ಹೊರಟ ಅತ್ತಿಗೆಯನ್ನು ನೋಡಿದಳು. ಅತ್ತಿಗೆ ಕೈಬೀಸಿದಳು. ತಾನು ಹತ್ತನೆಯ ತರಗತಿಯಲ್ಲಿದ್ದಾಗ ಅಪ್ಪ ಹೇಳಿದ್ದ, ನಿನಗೆ ಮೊದಲು ಕಲಿಸ್ತೀನಿ ಅಂತ. ಆಮೇಲೆ ಅವನು ಮರೆತ. ಅವಳು ನೆನಪಿಸಲಿಲ್ಲ.

"ಕೇಳ್ದೇ ಇದ್ರೆ ಹೆತ್ತ ತಾಯೀನೂ ಬಡಿಸಲ್ಲ, ಹುಡುಗಿ," ಅಂದಳು ಅಜ್ಜಿ ಜಗಲಿಯಿಂದ, ಅವಳ ಮುಖ ನೋಡಿ.

"ನಾನೇನು ಕೇಳ್ಬೇಕಿತ್ತು?"

"ಅದು ನಂಗೆ ಹೇಗೆ ಗೊತ್ತಾಗ್ಬೇಕು? ನೀನು ಹೇಳಿದ್ದು ನಿನಗೇ ಕೇಳ್ಸಲ್ಲ, ನಂಗೋ ಅರ್ಧ ಕಿವಿ."

ಮೆಲ್ಲಿ ಬೆರಳಿಗೆ ಪ್ಲಾಸ್ಟರ್ ಸುತ್ತಿಕೊಳ್ಳತೊಡಗಿದ್ದಳು. ಗಾಯ ಎಂದೋ ಮಾಯ್ದಿತ್ತು, ಪ್ಲಾಸ್ಟರ್ ಮಾತ್ರ ದಿನಾ ಹೊಸದು. ತರಕಾರಿ ಹೆಚ್ಚುವುದು ಬಿಟ್ಟಳು, ಚಾಕು ತಗುಲಿದರೆ? ಸಣ್ಣ ಹಲ್ಲುನೋವು ಬಂದರೂ ಕನ್ನಡಿಯ ಮುಂದೆ ನಾಲಿಗೆ ಚಾಚಿ ನೋಡುತ್ತಿದ್ದಳು. ಕಣ್ಣು ಹಳದಿಯಾಗಿದೆಯೇ ಎಂದು ಕಿಟಕಿಯ ಬೆಳಕಿಗೆ ಹೋಗುತ್ತಿದ್ದಳು. ಮತ್ತು ತನ್ನ ತಟ್ಟೆ, ಲೋಟಗಳನ್ನು ಉಳಿದವುಗಳ ಜೊತೆ ಸೇರಿಸದೆ, ಬೇರೆ ತೊಳೆದು, ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಳು. ತಟ್ಟೆಯಿಂದ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಣ್ಣ ಹೇಳಿದ್ದನ್ನು ಕಿವಿಯಾರೆ ಕೇಳಿದ್ದಳು, ಫೋನಿನಲ್ಲೂ ಓದಿದ್ದಳು. ತಲೆಗೆ ಗೊತ್ತಿದ್ದದ್ದು ಕೈಗೆ ಇಳಿದಿರಲಿಲ್ಲ.

ಅಮ್ಮನ ಕಣ್ಣಿಗೆ ಅದು ಬಿದ್ದದ್ದು ಬೇರೆಯೇ ಅರ್ಥದಲ್ಲಿ.

ಮೊದಮೊದಲು ಸೂಚನೆ ಕೊಟ್ಟಳು. "ತಟ್ಟೆ ಜೋಡಿಸಿದ್ರೆ ಒಂದು ಕಡಿಮೆ ಬರ್ತಿದೆ, ಕಾಗೆ ಎತ್ಕೊಂಡು ಹೋಯ್ತೇನೋ." ಮೆಲ್ಲಿ ಪಾತ್ರೆ ತಿಕ್ಕುತ್ತಲೇ ಇದ್ದಳು. ಅತ್ತಿಗೆ ಬಡಿಸಲು ಬಂದರೆ "ನಾನೇ ಹಾಕ್ಕೋತೀನಿ" ಎಂದು ತಟ್ಟೆ ಸರಿಸಿಕೊಳ್ಳುವುದನ್ನೂ ಅಮ್ಮ ನೋಡಿದಳು. ಒಂದು ಮಧ್ಯಾಹ್ನ ಅತ್ತಿಗೆ ತಾನು ಕುಡಿಯುತ್ತಿದ್ದ ಹಾಲಿನ ಲೋಟವನ್ನು ಸಲುಗೆಯಿಂದ ಚಾಚಿ, "ಬಾರೇ, ಅರ್ಧ ಕುಡಿ, ನಂಗೆ ಕುಡಿದು ಕುಡಿದು ಸಾಕಾಗಿದೆ" ಅಂದಾಗ, ಮೆಲ್ಲಿ ಬೆಂಕಿ ತಗುಲಿದವಳಂತೆ ಹಿಂದೆ ಸರಿದಳು.

ಅಮ್ಮನ ಕೈಯಲ್ಲಿದ್ದ ಸೌಟು ಠಣ್ಣನೆ ಪಾತ್ರೆಗೆ ಬಿತ್ತು.

"ಸಾಕು! ಎಷ್ಟು ದಿನದಿಂದ ನೋಡ್ತಿದ್ದೀನಿ. ಅವಳ ತಟ್ಟೆ ಜೊತೆ ನಿನ್ನ ತಟ್ಟೆ ಸೇರಿದ್ರೆ ಆಗಲ್ಲ, ಅವಳು ಬಡಿಸಿದ ಅನ್ನ ಆಗಲ್ಲ, ಅವಳು ಮುಟ್ಟಿದ ಲೋಟ ಆಗಲ್ಲ. ಡಾಕ್ಟರಮ್ಮನೇ ಏನೂ ಇಲ್ಲ ಅಂದ ಮೇಲೆ ನಿಂದೇನೇ ಮಡಿ? ಓದಿದ್ದು ಇದಕ್ಕಾ?"

"ಅದಲ್ಲ ಅಮ್ಮ..."

"ಅದಲ್ಲ ಅಂದ್ರೆ ಯಾವುದು? ಬಾಯಿ ಬಿಟ್ಟು ಹೇಳು."

ಮೆಲ್ಲಿ ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೀಳುತ್ತ ನಿಂತಳು.

"ನಾನು ಹೇಳ್ತೀನಿ ಕೇಳು," ಅಂದಳು ಅಮ್ಮ. "ಹೊಟ್ಟೆಕಿಚ್ಚು. ಆ ಹುಡುಗಿ ಹೆದರಿಕೊಂಡಾಗ ನಾಲ್ಕು ಜನ ಕೈ ಹಿಡಿದಿದ್ದು ನಿಂಗೆ ಸಹಿಸ್ಲಿಲ್ಲ. ತರಕಾರಿ ಹೆಚ್ಚೋದನ್ನೂ ಬಿಟ್ಟೆ. ನಿಂಗೇನಾದ್ರೂ ಆಗಿದ್ರೆ ಅವಳು ಹೀಗೆ ಮಾಡ್ತಿದ್ಲಾ?"

ಅಮ್ಮ ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ಆ ಅರ್ಧಕ್ಕೆ ಉತ್ತರವಿರಲಿಲ್ಲವಾಗಿ ಮೆಲ್ಲಿ ಇನ್ನರ್ಧಕ್ಕೂ ಉತ್ತರ ಕೊಡಲಿಲ್ಲ.

"ಬಿಡಿ ಅತ್ತೆ," ಅಂದಳು ಅತ್ತಿಗೆ. ಅವಳ ದನಿಯಲ್ಲಿ ಎಂದಿನ ಗಲಗಲ ಇರಲಿಲ್ಲ. "ಅವಳಿಗೆ ಭಯ ಇರುತ್ತೆ. ಯಾರಿಗಿರಲ್ಲ? ನನ್ನ ತಟ್ಟೇನ ನಾನೇ ಬೇರೆ ಇಟ್ಕೋತೀನಿ. ಇನ್ನೊಂದು ಪರೀಕ್ಷೆ ಆಗೋವರೆಗೆ ತಾನೇ. ಅವಳು ಎಲ್ಲರ ಜೊತೆ ನೆಮ್ಮದಿಯಾಗಿ ಉಣ್ಲಿ."

ಹೇಳಿದ ಹಾಗೆಯೇ ಮಾಡಿದಳು. ತನ್ನ ತಟ್ಟೆ, ಲೋಟ ತೊಳೆದು ಕಿಟಕಿಯ ಕಟ್ಟೆಯ ಮೇಲೆ, ಮೆಲ್ಲಿಯ ತಟ್ಟೆಯ ಪಕ್ಕದಲ್ಲೇ ಬೋರಲು ಹಾಕಿದಳು. ರಾತ್ರಿ ಅಣ್ಣ ಅದನ್ನು ನೋಡಿ ಮೆಲ್ಲಿಯ ಜೊತೆ ಮಾತು ಬಿಟ್ಟ. ಅಪ್ಪ ಸೇಬು ಹೆಚ್ಚಿ ಎಲ್ಲರಿಗೂ ಹಂಚಿದ, ಮೆಲ್ಲಿಯ ಪಾಲನ್ನು ಏನೂ ಹೇಳದೆ ಅವಳ ಮುಂದಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಎರಡು ತಟ್ಟೆಗಳು ದಿನಗಟ್ಟಲೆ ಹಾಗೇ ಅಕ್ಕಪಕ್ಕ ಕೂತವು. ತಟ್ಟೆ ಬೇರೆ ಇಡುವಂಥದ್ದು ಅತ್ತಿಗೆಗೆ ಏನೂ ಆಗಿರಲಿಲ್ಲ. ಒಳ್ಳೆಯವಳೆಂಬ ಹೆಸರೂ ಅವಳಿಗೇ ಹೋಯಿತು. ಬೇರೆ ತಟ್ಟೆ ಇಟ್ಟದ್ದಕ್ಕೆ ಅವಳಿಗೆ ಮರುಕ ಸಿಕ್ಕಿತು, ತನಗೆ ಬೈಗುಳ. ಮೆಲ್ಲಿಗೆ ಸಿಟ್ಟು ಬಂತು, ನಗೆಯೂ ಬಂತು. ಆಮೇಲೆ ಪಾತ್ರೆ ತೊಳೆಯುತ್ತ ಅಳು ಬಂತು. ನಲ್ಲಿ ಜೋರಾಗಿ ಬಿಟ್ಟುಕೊಂಡಳು.

ಎರಡನೆಯ ಪರೀಕ್ಷೆಯ ಫಲ ಬಂದದ್ದು ಒಂದು ಶನಿವಾರ. ಎಲ್ಲ ಸರಿಯಾಗಿದೆ ಎಂದು ಅಣ್ಣ ಬೀದಿಯಿಂದಲೇ ಕೂಗಿಕೊಂಡು ಬಂದ; ಕಿಟಕಿಯಾಕೆಗೆ ಬೇರೆಯಾಗಿ ಹೇಳುವ ಕಷ್ಟ ಉಳಿಯಿತು. ಅಮ್ಮ ಸೊಸೆಯ ಕೆನ್ನೆ ಹಿಂಡಿದಳು. ಕಿಟಕಿಯ ಕಟ್ಟೆಯ ಮೇಲಿನ ತಟ್ಟೆಯನ್ನು ತಂದು ಸಾಲಿಗೆ ಸೇರಿಸಿದಳು. ಅಲ್ಲೇ ಉಳಿದ ಇನ್ನೊಂದನ್ನು ನೋಡಿ ಮಗಳ ಕಡೆ ತಿರುಗಿದಳು.

"ಇನ್ನೂ ನಂಬಿಕೆ ಬಂದಿಲ್ವಾ ಮಹಾರಾಣಿಗೆ?"

ಮೆಲ್ಲಿ ತಟ್ಟೆ ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಅಪ್ಪ ಉತ್ಸಾಹದಿಂದ ಟ್ಯಾಕ್ಸಿಯ ನಾಲ್ಕೂ ಬಾಗಿಲು ತೆರೆದಿಟ್ಟ. ರಕ್ತವಾದ ಆ ಕವರನ್ನು ಅವನು ಅಂದೇ ಸುಟ್ಟು ಹೊಸದು ಹೊಲಿಸಿದ್ದ. ಆಮೇಲಿನ ಭಾನುವಾರಗಳಲ್ಲಿ ಯಾರನ್ನೂ ಹತ್ತಿರ ಬಿಡದೆ ತಾನೊಬ್ಬನೇ ಬಿಚ್ಚಿ ಒಗೆಯುತ್ತಿದ್ದ. ಇವತ್ತು ಮಾತ್ರ, "ಬನ್ನಿ, ಬನ್ನಿ, ರಜೆ ಮುಗೀತು!" ಎಂದು ಕೂಗಿದ. ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತಳು. ಅಮ್ಮ ಟಬ್ಬಿಗೆ ನೀರು ಬಿಟ್ಟಳು. ಅಣ್ಣ ಮುಂದಿನ ಸೀಟಿಗೆ. ಹಿಂದಿನ ಸೀಟಿನ ಎಡಗಡೆ ಅತ್ತಿಗೆ, ಬಲಗಡೆ ಮೆಲ್ಲಿ.

ಮೆಲ್ಲಿ ಮಂಡಿಯೂರಿದಳು. ಕೈ ಸೀಟಿನ ಕೆಳಗೆ ಹೋಗಲಿಲ್ಲ. ಅಂಚಿನಲ್ಲೇ ನಿಂತಿತು. ಆ ಕಡೆ ಟಿಕ್, ಟಿಕ್ ಎಂದು ಶುರುವಾಯಿತು.

"ಏನೇ, ಬೆರಳಿನ ಕಣ್ಣಿಗೆ ಪೊರೆ ಬಂತಾ?" ಅಂದ ಅಪ್ಪ.

"ಆಹ್!" ಅಂದಳು ಅತ್ತಿಗೆ. ಕೈ ಹೊರಗೆಳೆದಳು. ತೋರುಬೆರಳ ತುದಿಯಲ್ಲಿ ಕೆಂಪು ಹನಿ. ನಗುತ್ತ ಬೆರಳನ್ನು ಬಾಯಿಯ ಹತ್ತಿರ ತಂದಳು.

"ಬಾಯಿಗೆ ಇಡಬೇಡಿ!"

ಕೂಗಿದ್ದು ಯಾರೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಕೂಗಿದವಳಿಗೂ ತಿಳಿಯಲಿಲ್ಲ. ಮೆಲ್ಲಿ ಸೀಟಿನ ಮೇಲಿನಿಂದಲೇ ಬಾಗಿ ಅತ್ತಿಗೆಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಳು. ಇಷ್ಟು ವಾರಗಳಲ್ಲಿ ಅವಳು ಅತ್ತಿಗೆಯನ್ನು ಮುಟ್ಟಿದ್ದು ಅದೇ ಮೊದಲು.

"ಇವಳಿಗೂ ಗಂಟಲಿದೆ!" ಅಂದಳು ಅಜ್ಜಿ. "ನನ್ನ ಅರ್ಧ ಕಿವಿಗೂ ಕೇಳಿಸ್ತು."

"ಸೋಪು ಹಾಕಿ ತೊಳೀರಿ. ಈಗಲೇ. ಆ ಕೊಕ್ಕೆ... ಆವತ್ತಿನ ಕೊಕ್ಕೆ ಅದು..."

"ಅಯ್ಯೋ ಹುಚ್ಚಿ," ಅಂದ ಅಪ್ಪ. "ಆವತ್ತಿನ ಕೊಕ್ಕೆ ಎಲ್ಲಿಂದ ಬರುತ್ತೆ? ಕವರ್ ಸುಟ್ಟ ದಿನವೇ ಅವನ್ನೂ ಎಸೆದು, ಹೊಸ ತಂತಿ ತಂದು ಬಗ್ಗಿಸಿಲ್ವಾ ನಾನು? ಇದು ಬರೀ ತಂತಿ ಕಣೇ. ಚುಚ್ಚಿದ್ದು ಅಷ್ಟೇ."

ಮೆಲ್ಲಿಯ ಹಿಡಿತ ಸಡಿಲವಾಯಿತು. ಅತ್ತಿಗೆ ಅವಳ ಮುಖವನ್ನೇ ನೋಡುತ್ತಿದ್ದಳು. ನಂತರ ತನ್ನ ಮಣಿಕಟ್ಟಿನ ಮೇಲಿದ್ದ ಅವಳ ಬೆರಳನ್ನು, ಆ ಬೆರಳಿಗೆ ಸುತ್ತಿದ್ದ ಹೊಸ ಪ್ಲಾಸ್ಟರನ್ನು.

"ನೀನು ನಂಗೆ ಹೆದರಿ ದೂರ ಇದ್ದೆ ಅನ್ಕೊಂಡಿದ್ದೆ," ಅಂದಳು ಅತ್ತಿಗೆ ಮೆಲ್ಲಗೆ.

ಮೆಲ್ಲಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಸರಿ ಸರಿ, ಕಾನೂನು ಕಾನೂನೇ," ಅಂದ ಅಣ್ಣ ಮುಂದಿನ ಸೀಟಿನಿಂದ, ವಾತಾವರಣ ತಿಳಿಯಾಗಲಿ ಎಂದು. "ಚುಚ್ಚಿಸಿಕೊಂಡವರು ಟೀಗೆ ನಡೀರಿ."

ಅತ್ತಿಗೆ ಏಳಹೋದಳು. ಮೆಲ್ಲಿ ಅವಳಿಗಿಂತ ಮುಂಚೆ ಎದ್ದು ನಿಂತಳು.

"ಟೀ ನಂದು," ಅಂದಳು.

"ನಿಂದು ಹೇಗೆ?" ಅಪ್ಪ ನಕ್ಕ. "ನೀನು ಸೀಟಿನ ಕೆಳಗೆ ಕೈಯೇ ಹಾಕಿಲ್ವಲ್ಲೇ. ಇವತ್ತು ಚುಚ್ಚಿದ್ದು ಸೊಸೆಗೆ."

"ಇವತ್ತಿನದಲ್ಲ."

ಅಮ್ಮ ನಲ್ಲಿ ನಿಲ್ಲಿಸಿದಳು. ಟಬ್ಬಿಗೆ ಬೀಳುತ್ತಿದ್ದ ನೀರಿನ ಸದ್ದು ನಿಂತು ಅಂಗಳವೆಲ್ಲ ಒಮ್ಮೆಗೇ ಸುಮ್ಮನಾಯಿತು. ಅಡಗಿಕೊಳ್ಳಲು ಈಗ ಯಾವ ನಲ್ಲಿಯೂ ಇರಲಿಲ್ಲ. ಮೆಲ್ಲಿ ಪ್ಲಾಸ್ಟರನ್ನು ಎಳೆದು ತೆಗೆದಳು. ಒಳಗೆ ಬೆರಳು ಬೆಳ್ಳಗೆ ಸುಕ್ಕುಗಟ್ಟಿತ್ತು.

"ನಾನೊಂದು ಟೀ ಬಾಕಿ ಇಟ್ಟಿದ್ದೀನಿ ಅಪ್ಪ," ಅಂದಳು, ಜಗಲಿಯವರೆಗೂ ಕೇಳಿಸುವಂತೆ. "ಆವತ್ತು, ರಕ್ತ ಆಗಿದ್ದ ಕೊಕ್ಕೆ ನಂಗೆ ಚುಚ್ಚಿತ್ತು."